ವೆಬ್‌ಸೈಟಿನ ಕೂಲಿ, ಹೆಸರಿನ ಒಡೆತನ

ನಮ್ಮ ಊರಿನಿಂದ ಹೊರಟು ಬೆಂಗಳೂರು ಸೇರಿ, ಜಯನಗರ ನಾಲ್ಕನೇ ಬ್ಲಾಕಿನ ಬಳಿ ಪಾತ್ರೆ ಅಂಗಡಿ ನಡೆಸುತ್ತಿರುವ ಹಳೆಯ ವಾಚಕರೊಬ್ಬರು ಈಚೆಗೆ ನಮಗೊಂದು ಕಾಗದ ಬರೆದಿದ್ದಾರೆ. ಅದರೊಡನೆ ಮೂರು ದರಪಟ್ಟಿಗಳನ್ನೂ ಇಟ್ಟಿದ್ದಾರೆ. ಅಂಗಡಿಗೊಂದು ವೆಬ್‌ಸೈಟು ಮಾಡಿಸಲೇಬೇಕೆಂದು ಅವರ ಮಗ ಹಟ ಹಿಡಿದಿದ್ದಾನೆ. ವಿಚಾರಿಸಿ ನೋಡಿದರೆ, ಬಿ.ಟಿ.ಎಂ. ಬಡಾವಣೆಯಲ್ಲಿ ಕೋಣೆ ಮಾಡಿಕೊಂಡಿರುವ ಹುಡುಗನೊಬ್ಬ 8,000 ರೂಪಾಯಿ ಹೇಳಿದ. ಬನಶಂಕರಿಯಲ್ಲಿ ಇಬ್ಬರು ಗೆಳೆಯರು ಕೂಡಿ ನಡೆಸುವ ಸಣ್ಣ ಕಚೇರಿಯವರು 35,000 ಎಂದರು. ಜೆ.ಪಿ. ನಗರದ ಗಾಜಿನ ಬಾಗಿಲಿನ ಕಂಪನಿಯೊಂದು ಕೂರಿಸಿ ಕಾಫಿ ಕೊಟ್ಟು 1,20,000, ತೆರಿಗೆ ಬೇರೆ ಎಂದಿತು. "ಒಂದೇ ಅಳತೆಯ ಹಂಡೆಗೆ ಮೂರು ಅಂಗಡಿಯಲ್ಲಿ ಮೂರು ಬೆಲೆ ಇದ್ದರೆ ನೂರಿನ್ನೂರು ರೂಪಾಯಿ ಆಚೆ ಈಚೆ ಇದ್ದೀತು. ಇದು ಹದಿನೈದು ಪಟ್ಟು. ಈ ಮೂವರಲ್ಲಿ ಕಳ್ಳ ಯಾರು, ಪತ್ರಿಕೆಯವರು ಹೇಳಿ" ಎಂದು ಅವರು ಕೇಳಿದ್ದಾರೆ.

ಕೂಲಿ, ಬೋನಸ್ಸು, ರೇಷನ್ ಕುರಿತು ಬರೆಯಬೇಕಾದ ಈ ಅಂಕಣದಲ್ಲಿ ಇಂತಹ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಇದೂ ಕೂಲಿಯ ವಿಷಯವೇ. ಬೆಲೆ ಕೇಳುತ್ತಿರುವವನು ನಮ್ಮವನು, ಸಣ್ಣ ವ್ಯಾಪಾರಿ. ಬೆಲೆ ಹೇಳುತ್ತಿರುವವನೂ ನಮ್ಮವನೇ. ಹತ್ತಿ ಗಿರಣಿಗಳ ಬಾಗಿಲು ಒಂದೊಂದಾಗಿ ಮುಚ್ಚಿದ ಮೇಲೆ ದಾವಣಗೆರೆಯಂತಹ ಊರುಗಳಿಂದ ಎಷ್ಟು ಮನೆಗಳ ಮಕ್ಕಳು ಬೆಂಗಳೂರಿನ ದಕ್ಷಿಣ ಭಾಗದ ಪಿ.ಜಿ.ಗಳನ್ನು ಸೇರಿದ್ದಾರೆಂಬುದು ವಾಚಕರಿಗೆ ಗೊತ್ತಿರುವ ಸಂಗತಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಕೂಡಿಸಿ ಬಿ.ಟಿ.ಎಂ. ಎಂದು ಕರೆದ ಬಡಾವಣೆಯಲ್ಲಿ, ಒಂದು ಕೋಣೆಗೆ ಮೂರು ಮಂಚ ಹಾಕಿದ ಮನೆಗಳಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಾತ್ರಿ ಎರಡರವರೆಗೆ ದುಡಿಯುವ ಹುಡುಗ ಹುಡುಗಿಯರ ತಂದೆಯಂದಿರು ಈ ಪತ್ರಿಕೆಗೆ ಚಂದಾ ಕಟ್ಟಿದವರು. ಮಗ್ಗದ ಮುಂದೆ ನಿಂತವರ ಮಕ್ಕಳು ಪರದೆಯ ಮುಂದೆ ಕುಳಿತಿದ್ದಾರೆ. ತುಂಡುಗುತ್ತಿಗೆ ಮಾತ್ರ ಹಾಗೆಯೇ ಉಳಿದಿದೆ.

ಕಾಗದದ ಪ್ರಶ್ನೆಗೆ ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಮೂವರಲ್ಲಿ ಯಾರೂ ಕಳ್ಳರಲ್ಲದಿರಬಹುದು. ಮೂವರೂ ಒಂದೇ ಸಾಮಾನನ್ನು ಮಾರುತ್ತಿಲ್ಲ, ಅಷ್ಟೆ. ಇನ್ನು ಕಳ್ಳತನ ನಡೆಯುವುದಾದರೆ ಅದು ನಡೆಯುವ ಜಾಗ ದರಪಟ್ಟಿಯ ಕೊನೆಯ ಮೊತ್ತದಲ್ಲಿ ಅಲ್ಲ. ಪಟ್ಟಿಯಲ್ಲಿ ಬರೆಯದೇ ಬಿಟ್ಟ ಸಾಲುಗಳಲ್ಲಿ.

ವೆಬ್‌ಸೈಟು ಎಂಬುದು ಒಂದು ವಸ್ತುವಲ್ಲ. ಅಂಗಡಿ ಹೂಡುವವನಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಅಂಗಡಿಗೊಂದು ಹೆಸರಿನ ಬೋರ್ಡು ಬೇಕು, ಮಳಿಗೆಗೆ ಬಾಡಿಗೆ ಬೇಕು, ಕಪಾಟು ಹಲಗೆ ಹೊಡೆಯುವ ಬಡಗಿಗೆ ಕೂಲಿ ಬೇಕು, ಆಮೇಲೆ ದಿನವೂ ಗುಡಿಸಿ ಸಾಮಾನು ಜೋಡಿಸುವವನಿಗೆ ಸಂಬಳ ಬೇಕು. ವೆಬ್‌ಸೈಟಿಗೂ ಇವೇ ನಾಲ್ಕು ಬಾಬ್ತುಗಳು. ಡೊಮೈನ್ ಎಂದು ಅವರು ಕರೆಯುವುದು ಹೆಸರು. ಹೋಸ್ಟಿಂಗ್ ಎಂದರೆ ಎಲ್ಲಿಯೋ ಒಂದು ಕಡೆ ಹಗಲಿರುಳು ನಡೆಯುವ ಯಂತ್ರದಲ್ಲಿ ಜಾಗಕ್ಕೆ ಕೊಡುವ ಬಾಡಿಗೆ. ಡಿಸೈನು ಎಂಬುದು ಬಡಗಿ ಕೆಲಸ. ಮೇಂಟೆನೆನ್ಸ್ ಎಂಬುದು ಕಸ ಗುಡಿಸುವ ಕೆಲಸ. ಈ ನಾಲ್ಕನ್ನೂ ಒಂದೇ ಮೊತ್ತದಲ್ಲಿ ಕಟ್ಟಿ ಕೊಟ್ಟವನ ಪಟ್ಟಿಯನ್ನು ವಾಪಸು ಕೊಟ್ಟು, ಬಿಡಿಸಿ ಬರೆದುಕೊಂಡು ಬಾ ಎನ್ನಬೇಕು. ಬಿಡಿಸಿ ಬರೆಯಲು ಒಪ್ಪದವನಲ್ಲಿ ವ್ಯಾಪಾರ ಬೇಡ.

ಬಾಡಿಗೆಯ ಮಾತನ್ನು ಬೇಗ ಮುಗಿಸುತ್ತೇವೆ. ಸಣ್ಣ ಅಂಗಡಿಯ ವೆಬ್‌ಸೈಟಿಗೆ ಬೇಕಾದ ಜಾಗಕ್ಕೆ ತಿಂಗಳಿಗೆ ಕೆಲವು ನೂರು ರೂಪಾಯಿಗಿಂತ ಹೆಚ್ಚು ಬೀಳಬೇಕಾದ್ದಿಲ್ಲ. ಇಲ್ಲಿರುವ ಚಮತ್ಕಾರವೆಂದರೆ ಮೂರು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಅಗ್ಗ ಎಂಬ ಆಸೆ ತೋರಿಸಿ, ನಾಲ್ಕನೆಯ ವರ್ಷ ದುಪ್ಪಟ್ಟು ಬಾಡಿಗೆ ಕೇಳುವುದು. ಹೆಸರಿನಲ್ಲಿಯೂ ಹೀಗೆಯೇ: ಮೊದಲ ವರ್ಷ ನೂರಿನ್ನೂರು ರೂಪಾಯಿ, ಎರಡನೆಯ ವರ್ಷದಿಂದ ನಿಜವಾದ ದರ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಎಷ್ಟು" ಎಂದಲ್ಲ, "ಮರು ವರ್ಷ ಎಷ್ಟು" ಎಂದು. ಇನ್ನೊಂದು ಸಾಲು ಹಲವರ ಪಟ್ಟಿಯಲ್ಲಿ ಕಾಣುತ್ತದೆ: ಬೀಗದ ಗುರುತಿನ ಸರ್ಟಿಫಿಕೇಟು, ಅಂದರೆ ಎಸ್.ಎಸ್.ಎಲ್., ವರ್ಷಕ್ಕೆ ಎರಡು ಮೂರು ಸಾವಿರ. ಲಾಭವಿಲ್ಲದೆ ನಡೆಯುವ ಸಂಸ್ಥೆಯೊಂದು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಹೆಸರಿನಲ್ಲಿ 2015ರ ಕೊನೆಯಿಂದಲೂ ಈ ಸರ್ಟಿಫಿಕೇಟನ್ನು ಜಗತ್ತಿಗೆಲ್ಲ ಪುಕ್ಕಟೆ ಕೊಡುತ್ತಿದೆ. ಅದನ್ನು ಹಾಕಿಕೊಡುವ ಶ್ರಮಕ್ಕೆ ಕೂಲಿ ಕೇಳಿದರೆ ಕೊಡೋಣ. ಸರ್ಟಿಫಿಕೇಟಿಗೇ ಬೆಲೆ ಕೇಳಿದರೆ, ಬೀದಿ ನಲ್ಲಿಯ ನೀರನ್ನು ಬಿಂದಿಗೆಗೆ ಇಷ್ಟೆಂದು ಮಾರಿದಂತೆ. ಸಣ್ಣ ವೆಬ್‌ಸೈಟುಗಳಲ್ಲಿ ಬಹುಪಾಲನ್ನು ಕಟ್ಟುವ ವರ್ಡ್‌ಪ್ರೆಸ್ ಎಂಬ ಸಲಕರಣೆಯೂ ಹಾಗೆಯೇ. 2003ರಲ್ಲಿ ಹೊರಬಂದ ಇದು ಯಾರ ಸ್ವತ್ತೂ ಅಲ್ಲದಂತೆ ಎಲ್ಲರೂ ಬಳಸಬಹುದಾದ ಸ್ವತಂತ್ರ ತಂತ್ರಾಂಶ. ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಇದರ ಮೇಲೆ ನಿಂತಿವೆ. ಸಾವಿರಾರು ಜನ ಕೂಡಿ ಕಟ್ಟಿ, ಕೂಡಿ ಬಳಸುವ ಇಂತಹ ಸಾಧನವನ್ನು ನೋಡಿದಾಗ ನಮ್ಮ ಪಕ್ಷದ ಹಿರಿಯರು ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ ಎನಿಸುತ್ತದೆ. ಇದರ "ಲೈಸೆನ್ಸ್ ಶುಲ್ಕ" ಎಂದು ಯಾರಾದರೂ ಪಟ್ಟಿಯಲ್ಲಿ ಬರೆದಿದ್ದರೆ ಆ ಸಾಲಿಗೆ ಗೀಟು ಹಾಕಿರಿ. ಅದರ ಮೇಲೆ ಹೊದಿಸುವ ಕೆಲವು ಸಿದ್ಧ ವಿನ್ಯಾಸಗಳಿಗೆ ಮಾತ್ರ ವರ್ಷವರ್ಷ ಡಾಲರಿನಲ್ಲಿ ಹಣ ಕೊಡಬೇಕಾಗುವುದುಂಟು; ಅದರ ಹೆಸರು, ದರ, ಅವಧಿ ಬರೆಸಿಕೊಳ್ಳಬೇಕು.

ಇನ್ನು ಹೆಸರು. ಇಲ್ಲಿ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ನಾಲ್ಕು ಬಾಬ್ತುಗಳಲ್ಲಿ ಅತ್ಯಂತ ಅಗ್ಗವಾದದ್ದೂ ಇದೇ, ಹೋದರೆ ಮರಳಿ ಬಾರದ್ದೂ ಇದೇ. ನಮ್ಮ ದೇಶದ .ಇನ್ ಹೆಸರುಗಳನ್ನು ನೋಡಿಕೊಳ್ಳುವುದು 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಎಂಬ ಸಂಸ್ಥೆ; 2005ರಿಂದ ಈ ಹೆಸರುಗಳು ಸಾಮಾನ್ಯರಿಗೆ ಸುಲಭವಾಗಿ ಸಿಗತೊಡಗಿದವು. ಕನ್ನಡ ಲಿಪಿಯಲ್ಲೇ .ಭಾರತ ಎಂದು ಕೊನೆಗೊಳ್ಳುವ ಹೆಸರನ್ನೂ ಪಡೆಯಬಹುದು ಎಂಬುದು ನಮ್ಮ ಎಷ್ಟು ವ್ಯಾಪಾರಿಗಳಿಗೆ ಗೊತ್ತು? .ಕಾಮ್ ಹೆಸರುಗಳನ್ನು ನೋಡಿಕೊಳ್ಳುವುದು ಅಮೆರಿಕದ ವೆರಿಸೈನ್ ಕಂಪನಿ. ಅದರ ಸಗಟು ದರ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 10.26 ಡಾಲರಿಗೆ ಏರಿತು. ಚಿಲ್ಲರೆ ಮಾರುವವನ ಲಾಭ, ತೆರಿಗೆ ಎಲ್ಲ ಸೇರಿದರೂ ಸಾಮಾನ್ಯ ಹೆಸರೊಂದು ವರ್ಷಕ್ಕೆ ಒಂದೂವರೆ ಸಾವಿರ ರೂಪಾಯಿಯೊಳಗೆ ಮುಗಿಯುವ ಮಾತು. ಗಮನಿಸಿ, ಇದನ್ನು ಯಾರೂ ಶಾಶ್ವತವಾಗಿ ಕೊಳ್ಳಲಾರರು. ವರ್ಷವರ್ಷವೂ ಕಟ್ಟಬೇಕು. ಕಟ್ಟದಿದ್ದರೆ ಕೆಲವು ವಾರ ಕಾದು, ದಂಡ ಕೊಟ್ಟು ಬಿಡಿಸಿಕೊಳ್ಳಲು ಅವಕಾಶವಿರುತ್ತದೆ. ಅದೂ ಮುಗಿದ ಮೇಲೆ ಹೆಸರು ಹರಾಜಿಗೆ ಬಿದ್ದ ಮನೆಯಂತೆ ಯಾರ ಕೈಗಾದರೂ ಹೋಗುತ್ತದೆ.

ಆ ಹೆಸರು ಯಾರ ಖಾತೆಯಲ್ಲಿ ನೋಂದಣಿಯಾಗಿದೆಯೋ ಅವನೇ ಅದರ ಯಜಮಾನ. ಹಣ ಯಾರು ಕೊಟ್ಟರು ಎಂಬುದನ್ನು ನೋಂದಣಿ ಪುಸ್ತಕ ಕೇಳುವುದಿಲ್ಲ. ಡಿಸೈನರನು ತನ್ನ ಈಮೇಲ್ ಕೊಟ್ಟು, ತನ್ನ ಕಾರ್ಡಿನಿಂದ ಹಣ ಕಟ್ಟಿ ಕೊಂಡುಬಿಟ್ಟನೆಂದರೆ, ನಿಮ್ಮ ಅಂಗಡಿಯ ಹೆಸರಿಗೆ ಅವನೇ ಮಾಲೀಕ. ಬೋರ್ಡು ಬರೆದ ಪೇಂಟರು ಬಣ್ಣದ ಡಬ್ಬಿಯ ಜೊತೆ ಅಂಗಡಿಯ ಹೆಸರನ್ನೂ ಚೀಲಕ್ಕೆ ಹಾಕಿಕೊಂಡು ಹೋದಂತಾಯಿತು. ಅವನು ದುಷ್ಟನಾಗಿರಬೇಕೆಂದೇನೂ ಇಲ್ಲ. ಒಳ್ಳೆಯ ಮನಸ್ಸಿನಿಂದಲೇ, ಈ ಯಜಮಾನರಿಗೆ ಕಾರ್ಡಿಲ್ಲ, ಈಮೇಲ್ ಇಲ್ಲ ಎಂದು ಸುಲಭಕ್ಕೆ ಹಾಗೆ ಮಾಡಿರಬಹುದು.

ಇದು ನಮಗೆ ಹೇಗೆ ಗೊತ್ತು? ನಮಗೇ ಆಗಿದೆ. 2019ರಲ್ಲಿ ಈ ಪತ್ರಿಕೆಗೂ ಒಂದು ವೆಬ್‌ಸೈಟು ಇರಲಿ ಎಂದು ನಾವು ತೀರ್ಮಾನಿಸಿದಾಗ, ಗಿರಣಿಯಲ್ಲಿ ದುಡಿದು ನಿವೃತ್ತರಾದ ನಮ್ಮ ಸಂಗಾತಿಯೊಬ್ಬರ ಮಗ ಬಿ.ಟಿ.ಎಂ. ಬಡಾವಣೆಯಲ್ಲಿದ್ದುಕೊಂಡು ಈ ಕೆಲಸ ಮಾಡುತ್ತಿದ್ದ. ಅವನನ್ನು ಕರೆಸಿದೆವು. ನಮ್ಮ ಹುಡುಗ, ಪತ್ರಿಕೆಯ ಕೆಲಸ, ಹೆಚ್ಚು ಕೇಳಬೇಡ ಎಂದೆವು. 6,000 ರೂಪಾಯಿಗೆ ಒಪ್ಪಿದ. 3,000 ಕೊಟ್ಟೆವು, ಉಳಿದದ್ದು ಮುಂದಿನ ತಿಂಗಳು ಎಂದೆವು. ಆ ಮುಂದಿನ ತಿಂಗಳು ಬರಲೇ ಇಲ್ಲ. ಹಳೆಯ ಸಂಚಿಕೆಗಳನ್ನು ಹಾಕು, ಅಕ್ಷರ ದೊಡ್ಡದು ಮಾಡು, ಮುಖಪುಟದ ಕೆಂಪು ಸ್ವಲ್ಪ ಕಡು ಮಾಡು ಎಂದು ಆರು ತಿಂಗಳು ಫೋನು ಮಾಡಿದೆವು, ಅವನು ಮಾಡಿಕೊಟ್ಟ. ಹೆಸರನ್ನು ತನ್ನ ಖಾತೆಯಲ್ಲೇ ಕೊಂಡಿದ್ದ, ನಾವು ಕೇಳಿರಲಿಲ್ಲ. ಎರಡು ವರ್ಷ ತನ್ನ ಕೈಯಿಂದಲೇ ಶುಲ್ಕ ಕಟ್ಟಿದ. ಮೂರನೆಯ ವರ್ಷ ಕೆಲಸ ಬದಲಾಯಿಸಿದ, ನಂಬರು ಬದಲಾಯಿತು, ನೆನಪೋಲೆಗಳು ಅವನ ಹಳೆಯ ಈಮೇಲಿಗೆ ಬಂದು ಬಿದ್ದಿದ್ದವು. 2022ರಲ್ಲಿ ಒಂದು ಬೆಳಿಗ್ಗೆ ವಾಚಕರೊಬ್ಬರು ಫೋನು ಮಾಡಿ, "ಏನು ಸ್ವಾಮಿ, ಪಕ್ಷ ಬದಲಾಯಿಸಿದಿರಾ?" ಎಂದರು. ತೆರೆದು ನೋಡಿದರೆ ನಮ್ಮ ಪತ್ರಿಕೆಯ ಹೆಸರಿನ ಕೆಳಗೆ ಇಸ್ಪೀಟು ಜೂಜಿನ ಜಾಹೀರಾತು. ಮೂರು ವರ್ಷದ ಬರಹಗಳು ಹೋದವು. ಆ ಹೆಸರನ್ನು ಹಿಡಿದುಕೊಂಡವರು ಯಾವ ದೇಶದವರೋ, ಬಿಡಲು ಡಾಲರಿನಲ್ಲಿ ಬೆಲೆ ಹೇಳಿದರು.

ಆ ದಿನ ನಮ್ಮ ಕಚೇರಿಯಲ್ಲಿ ಹುಡುಗನನ್ನು ಬೈದವರೇ ಹೆಚ್ಚು. ಈಗ ತಣ್ಣಗೆ ಕುಳಿತು ಯೋಚಿಸಿದರೆ ಬೈಸಿಕೊಳ್ಳಬೇಕಾದವರು ನಾವು. ಗಿರಣಿಯ ಮಾಲೀಕ ಆರು ಪೈಸೆ ಕೂಲಿ ಹಿಡಿದರೆ ಗೇಟಿನ ಮುಂದೆ ಕೂರುವ ನಾವು, ಒಬ್ಬ ಕಾರ್ಮಿಕನ ಮಗನ ಅರ್ಧ ಕೂಲಿಯನ್ನು "ನಮ್ಮ ಹುಡುಗ" ಎಂಬ ಸಲಿಗೆಯಲ್ಲಿ ನುಂಗಿದೆವು. ಕೂಲಿ ಕೊಡದವನಿಗೆ ಲೆಕ್ಕ ಕೇಳುವ ಮುಖ ಎಲ್ಲಿಯದು? ನಮ್ಮ ಹೆಸರಿನ ಖಾತೆಯ ಕೀಲಿ ಕೊಡು ಎಂದು ಅವನನ್ನು ಗಟ್ಟಿಯಾಗಿ ಕೇಳಲು ನಮಗೆ ಬಾಯಿ ಬಾರದಿದ್ದುದಕ್ಕೆ ಕಾರಣವೂ ಅದೇ. ಅಗ್ಗದ ಕೆಲಸದ ನಿಜವಾದ ಖರ್ಚು ಇಲ್ಲಿ ಅಡಗಿರುತ್ತದೆ.

ಈಗ ಆ ಮೂರು ದರಪಟ್ಟಿಗಳಿಗೆ ಬರೋಣ. ಎಂಟು ಸಾವಿರದ ಹುಡುಗನನ್ನು ತೆಗೆದುಕೊಳ್ಳಿ. ಪಾತ್ರೆ ಅಂಗಡಿಯ ವೆಬ್‌ಸೈಟನ್ನು ಸರಿಯಾಗಿ ಮಾಡಬೇಕಾದರೆ ಏನೇನು ಕೆಲಸವಿದೆ? ಮಾಲೀಕರೊಡನೆ ಕುಳಿತು ಅವರ ವ್ಯಾಪಾರ ಅರಿಯಬೇಕು. ಹಿತ್ತಾಳೆ, ತಾಮ್ರ, ಸ್ಟೀಲು, ಬೀಡುಕಬ್ಬಿಣ ಎಂದು ವಿಂಗಡಿಸಬೇಕು. ಹೊಳೆಯುವ ಪಾತ್ರೆಯ ಚಿತ್ರ ತೆಗೆಯುವುದು ಸುಲಭವಲ್ಲ, ತೆಗೆಯುವವನ ಮುಖವೇ ಅದರಲ್ಲಿ ಕಾಣುತ್ತದೆ. ಪ್ರತಿ ಚಿತ್ರವನ್ನೂ ಹಗುರ ಮಾಡಬೇಕು, ಇಲ್ಲದಿದ್ದರೆ ಗಿರಾಕಿಯ ಫೋನಿನಲ್ಲಿ ತೆರೆಯುವಷ್ಟರಲ್ಲಿ ಅವನು ಬೇರೆ ಕಡೆ ಹೋಗಿರುತ್ತಾನೆ. ಅಳತೆ, ತೂಕ, ಬೆಲೆ ಬರೆಯಬೇಕು. ಅದನ್ನು ಕನ್ನಡದಲ್ಲೂ ಬರೆಯಬೇಕು. ದೊಡ್ಡ ಪರದೆ, ಸಣ್ಣ ಫೋನು ಎರಡರಲ್ಲೂ ಸರಿಯಾಗಿ ಕೂರುವಂತೆ ಮಾಡಬೇಕು. ಮಾಲೀಕರ ಮಗನಿಗೆ ಬೆಲೆ ತಿದ್ದುವುದನ್ನು ಕಲಿಸಬೇಕು. ಇಷ್ಟಕ್ಕೆ ಹದಿನೈದು ದಿನ ಎಂದಿಟ್ಟುಕೊಂಡರೂ ಹೆಚ್ಚಲ್ಲ. 8,000 ರೂಪಾಯಿಯನ್ನು ಹದಿನೈದು ದಿನಕ್ಕೆ ಹಂಚಿದರೆ ದಿನಕ್ಕೆ 533. ಅದರಲ್ಲಿ ಅವನ ಕೋಣೆಯ ಬಾಡಿಗೆ, ಕರೆಂಟು, ಇಂಟರ್‌ನೆಟ್, ಯಂತ್ರದ ಸವಕಳಿ, ಕೆಲಸವಿಲ್ಲದ ದಿನಗಳ ಊಟ. ಬೆಂಗಳೂರಿನಲ್ಲಿ ಗಾರೆ ಮೇಸ್ತ್ರಿಗೆ ಈ ದರ ಹೇಳಿದರೆ ಕರಣೆ ಕೆಳಗಿಟ್ಟು ಹೋಗುತ್ತಾನೆ.

ಹಾಗಾದರೆ ಹುಡುಗ ಹೇಗೆ ಒಪ್ಪಿದ? ಅವನು ಹದಿನೈದು ದಿನ ಮಾಡುವುದಿಲ್ಲ. ಎರಡು ದಿನ ಮಾಡುತ್ತಾನೆ. ಎಲ್ಲರಿಗೂ ಹಾಕುವ ಸಿದ್ಧ ಅಂಗಿಯನ್ನೇ ನಿಮಗೂ ತೊಡಿಸಿ, ಹೆಸರು ಫೋನ್ ನಂಬರು ಬದಲಿಸಿ ಕೈತೊಳೆದುಕೊಳ್ಳುತ್ತಾನೆ. ಅದು ಮೋಸವಲ್ಲ, ಎರಡು ದಿನದ ಹಣಕ್ಕೆ ಎರಡು ದಿನದ ಕೆಲಸ. ಕೆಲವು ಅಂಗಡಿಗಳಿಗೆ ಅಷ್ಟೇ ಸಾಕು. ಅಂಗಡಿ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವ ನಂಬರಿಗೆ ಫೋನು ಮಾಡಬೇಕು ಎಂಬುದಿಷ್ಟೇ ಬೇಕಾದರೆ ಹೆಚ್ಚು ಖರ್ಚು ದಂಡ.

ಬನಶಂಕರಿಯ ಇಬ್ಬರ 35,000ವನ್ನು ಅದೇ ಲೆಕ್ಕದಲ್ಲಿ ಇಟ್ಟು ನೋಡಿ. ಹದಿನೈದು ದಿನ ಒಬ್ಬರು ಪೂರ್ತಿ, ಇನ್ನೊಬ್ಬರು ಅರ್ಧ ದುಡಿದರೆ ದಿನವೊಂದಕ್ಕೆ ತಲೆಗೆ ಸುಮಾರು 1,500 ಬೀಳುತ್ತದೆ. ಕೌಶಲದ ಕೆಲಸಕ್ಕೆ ಇದು ಅತಿಯೂ ಅಲ್ಲ, ಅನ್ಯಾಯವೂ ಅಲ್ಲ. ಆದರೆ ಹದಿನೈದು ದಿನದ ಕೆಲಸ ನಿಜಕ್ಕೂ ಆಗುತ್ತದೆಯೇ ಎಂಬುದನ್ನು ಪುಟಗಳೆಷ್ಟು, ಚಿತ್ರಗಳೆಷ್ಟು, ಎಷ್ಟು ಸಲ ತಿದ್ದಿಕೊಡುತ್ತೀರಿ ಎಂದು ಬರೆಸಿಕೊಂಡು ಖಚಿತ ಮಾಡಿಕೊಳ್ಳಬೇಕು. ಹಣವನ್ನು ಮೂರು ಕಂತು ಮಾಡುವುದು ಇಬ್ಬರಿಗೂ ಕ್ಷೇಮ: ಆರಂಭಕ್ಕೊಂದು, ನಕ್ಷೆ ಒಪ್ಪಿದ ಮೇಲೊಂದು, ಕೀಲಿಗಳೆಲ್ಲ ಕೈಗೆ ಬಂದ ದಿನ ಕೊನೆಯದು.

ಗಾಜಿನ ಬಾಗಿಲಿನ ಕಂಪನಿಯ 1,20,000ದಲ್ಲಿ ಏನೇನಿದೆ? ಕಚೇರಿಯ ಬಾಡಿಗೆಯಿದೆ, ಕಾಫಿ ಕೊಟ್ಟ ಹುಡುಗಿಯ ಸಂಬಳವಿದೆ, ನಿಮ್ಮನ್ನು ಒಪ್ಪಿಸಿದ ಮಾರಾಟಗಾರನ ಪಾಲು ಇದೆ, ಮಾಲೀಕನ ಲಾಭವಿದೆ. ಅಲ್ಲಿ ನಿಜವಾದ ತಜ್ಞರು ಇರಬಹುದು; ಮದುವೆ ಛತ್ರಗಳಿಂದ ಆರ್ಡರು ಹಿಡಿದು, ಹಣ ಪಡೆದು, ಸಾಗಾಣಿಕೆ ಲೆಕ್ಕವಿಡುವ ದೊಡ್ಡ ವ್ಯವಸ್ಥೆ ಬೇಕೆಂದರೆ ಅಂತಹವರೇ ಬೇಕಾಗಬಹುದು. ಆದರೆ ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ: ಕೆಲಸವನ್ನು ಕೈಯಾರೆ ಮಾಡುವವರು ಯಾರು? ಹೊರಗೆ ಕೊಡುತ್ತೀರಾ? ಏಕೆಂದರೆ ಇಂತಹ ಕೆಲಸ ಮೇಲಿನಿಂದ ಕೆಳಗೆ ಕೈ ದಾಟುತ್ತ ಬಂದು, ಕೊನೆಗೆ ಅದೇ ಬಿ.ಟಿ.ಎಂ. ಬಡಾವಣೆಯ ಅದೇ ಮಂಚದ ಮೇಲೆ ಎಂಟೋ ಹತ್ತೋ ಸಾವಿರಕ್ಕೆ ಇಳಿಯುವುದುಂಟು. ನಡುವೆ ಹೋದದ್ದು ದಲ್ಲಾಳಿಯ ಪಾಲು. ಬೀಡಿ ಕಟ್ಟುವವರ ಮನೆಗಳಲ್ಲಿ, ಸಿದ್ಧ ಉಡುಪು ಹೊಲಿಯುವವರ ಮನೆಗಳಲ್ಲಿ ನಾವು ಕಂಡ ಪದ್ಧತಿಯೇ ಇದು. ಆ ಹುಡುಗನಿಗೆ ಹಾಜರಿ ಪುಸ್ತಕವಿಲ್ಲ, ಭವಿಷ್ಯ ನಿಧಿಯಿಲ್ಲ. ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯಿದೆ ಮಾಡಿತು, ಸ್ವಾಗತಾರ್ಹ. ಆದರೆ ಅದು ಆ್ಯಪುಗಳ ಮೂಲಕ ದುಡಿಯುವವರಿಗೆ. ನೇರವಾಗಿ ಅಂಗಡಿಗೋ ದಲ್ಲಾಳಿಗೋ ದುಡಿದು ಕೊಡುವ ಬಿಡಿ ಡಿಸೈನರನನ್ನು ಅದು ಮುಟ್ಟುವುದಿಲ್ಲ. ಜೆ.ಪಿ. ನಗರಕ್ಕೆ ಹೆಸರು ಕೊಟ್ಟ ಜಯಪ್ರಕಾಶ ನಾರಾಯಣರು 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದವರಲ್ಲೊಬ್ಬರು. ಅವರ ಹೆಸರಿನ ರಸ್ತೆಗಳಲ್ಲಿ ಇಂದು ಸಂಘವಿಲ್ಲದ ಕೂಲಿಯ ಇಷ್ಟೊಂದು ಮಂದಿ ಓಡಾಡುತ್ತಿದ್ದಾರೆ.

ತೆರಿಗೆಯ ವಿಚಾರ ಎರಡು ಮಾತು. ಈ ಸೇವೆಗೆ ಜಿ.ಎಸ್.ಟಿ. ನೂರಕ್ಕೆ 18. ಅಂದರೆ 1,20,000ದ ಮೇಲೆ 21,600. ನೀವು ಪೂರ್ತಿ ಜಿ.ಎಸ್.ಟಿ. ಕಟ್ಟುವ ವ್ಯಾಪಾರಿಯಾದರೆ ಅದನ್ನು ನಿಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗೆ ಆ ಅವಕಾಶವಿಲ್ಲ, ಅದು ಸಂಪೂರ್ಣ ಕೈಯಿಂದ ಹೋಗುವ ಹಣ. ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ ಬಿಡಿ ಡಿಸೈನರನು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ, ನೋಂದಣಿಯಿಲ್ಲದವನು ಜಿ.ಎಸ್.ಟಿ. ಎಂದು ಕೇಳುವಂತೆಯೂ ಇಲ್ಲ. ನಂಬರು ಬರೆಯದೆ ತೆರಿಗೆ ಹಾಕಿದ ಪಟ್ಟಿ ಬಂದರೆ ಹಾಗೆಯೇ ಹಿಂತಿರುಗಿಸಿ. 2025ರ ಜುಲೈನಲ್ಲಿ ಯು.ಪಿ.ಐ. ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟೀಸು ಕಳಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ಗೋಡೆಯ ಕ್ಯೂ.ಆರ್. ಚೀಟಿ ಕಿತ್ತು ಹಾಕಿದ್ದು ನೆನಪಿದೆ. ಆ ಭಯದಿಂದ ಬಿಲ್ಲೇ ಬೇಡವೆಂದು ವೆಬ್‌ಸೈಟಿನ ಕೆಲಸವನ್ನು ಬಾಯಿಮಾತಿನಲ್ಲಿ ಮಾಡಿಸುವುದು ಮಾತ್ರ ತಪ್ಪು ದಾರಿ. ಬಿಲ್ಲಿಲ್ಲದವನಿಗೆ ಹಕ್ಕೂ ಇಲ್ಲ.

ಹಕ್ಕಿನ ಮಾತು ಬಂದದ್ದರಿಂದ ಇನ್ನೊಂದು ಕಾಯಿದೆಯನ್ನು ಹೇಳಲೇಬೇಕು, ಏಕೆಂದರೆ ಹತ್ತರಲ್ಲಿ ಒಂಬತ್ತು ವ್ಯಾಪಾರಿಗಳು ಇದನ್ನು ತಲೆಕೆಳಗಾಗಿ ತಿಳಿದಿದ್ದಾರೆ ಎಂದು ನಮಗನಿಸುತ್ತದೆ. ಹಣ ಕೊಟ್ಟು ಮಾಡಿಸಿದ ಮೇಲೆ ಅದು ನನ್ನದೇ ಅಲ್ಲವೇ ಎನ್ನುತ್ತಾರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ ಹಾಗೆನ್ನುವುದಿಲ್ಲ. ನಿಮ್ಮ ಸಂಬಳದ ನೌಕರನು ಕೆಲಸದ ಭಾಗವಾಗಿ ಬರೆದದ್ದು ನಿಮ್ಮದು. ಹೊರಗಿನವನೊಬ್ಬ ಗುತ್ತಿಗೆಗೆ ಬರೆದುಕೊಟ್ಟ ಕೋಡು, ಬರಹಗಳ ಮೊದಲ ಒಡೆಯ ಸಾಮಾನ್ಯವಾಗಿ ಬರೆದವನೇ. ಅದನ್ನು ನಿಮಗೆ ವಹಿಸಿಕೊಟ್ಟಿದ್ದೇನೆಂದು ಅವನು ಬರವಣಿಗೆಯಲ್ಲಿ ಸಹಿ ಹಾಕಿ ಕೊಡಬೇಕು. ಆ ಪತ್ರದಲ್ಲಿ ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಕಾನೂನು ಅದನ್ನು ಐದೇ ವರ್ಷ ಎಂದು ತಿಳಿಯುತ್ತದೆ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ತಿಳಿಯುತ್ತದೆ. ಇದು ದುಡಿಯುವವನ ಪರವಾದ ಕಾನೂನು. ನಮಗೆ ಅದರ ಮೇಲೆ ದೂರಿಲ್ಲ. ಪೂರ್ತಿ ಕೂಲಿ ಸಂದಾಯವಾದ ದಿನ ಹಕ್ಕು ವರ್ಗಾವಣೆಯಾಗುತ್ತದೆ ಎಂದು ಅರ್ಧ ಹಾಳೆಯಲ್ಲಿ ಬರೆದುಕೊಂಡರೆ ಇಬ್ಬರಿಗೂ ನ್ಯಾಯ ಸಿಕ್ಕಿತು. ಅದೇ ಹಾಳೆಯಲ್ಲಿ ಹೆಸರು ಅಂಗಡಿಯ ಈಮೇಲಿನಲ್ಲಿ, ಅಂಗಡಿಯ ಹಣದಿಂದ ನೋಂದಣಿಯಾಗತಕ್ಕದ್ದು, ಹೋಸ್ಟಿಂಗಿನ ಪಾಸ್‌ವರ್ಡು ಮಾಲೀಕರ ಬಳಿ ಇರತಕ್ಕದ್ದು, ಎಲ್ಲದರ ಒಂದು ನಕಲು ಪೆನ್‌ಡ್ರೈವಿನಲ್ಲಿ ಕೊಡತಕ್ಕದ್ದು ಎಂದೂ ಬರೆದುಕೊಳ್ಳಿ. ಕಾರ್ಡು ಇಲ್ಲದಿದ್ದರೆ ಯು.ಪಿ.ಐ. ಸಾಕು. ಈಮೇಲ್ ಇಲ್ಲದಿದ್ದರೆ ಮಾಡಿಕೊಳ್ಳಲು ಹತ್ತು ನಿಮಿಷ.

ಭಾಷೆಯ ಬಗ್ಗೆ ಒಂದು ಬೇಸರವನ್ನೂ ತೋಡಿಕೊಳ್ಳುತ್ತೇವೆ. ಅಂಗಡಿಯ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಂತು. ಜಯನಗರದಲ್ಲಿ ರಾತ್ರೋರಾತ್ರಿ ಬೋರ್ಡುಗಳು ಬದಲಾದವು. ಆದರೆ ಅದೇ ಅಂಗಡಿಗಳ ವೆಬ್‌ಸೈಟು ತೆರೆದರೆ ಕನ್ನಡದ ಒಂದಕ್ಷರವಿಲ್ಲ. ಕನಕಪುರ ರಸ್ತೆಯ ಹಳ್ಳಿಗಳಿಂದ ಮಗಳ ಮದುವೆಗೆ ಪಾತ್ರೆ ಕೊಳ್ಳಲು ಬರುವ ತಾಯಿ ಇಂಗ್ಲಿಷಿನಲ್ಲಿ "ಕುಕ್‌ವೇರ್" ಎಂದು ಹುಡುಕುವಳೇ? ಡಿಸೈನರನನ್ನು ಕೇಳಿದರೆ, ಕನ್ನಡ ಹಾಕಿದರೆ ಖರ್ಚು ಜಾಸ್ತಿ ಎನ್ನುತ್ತಾನೆ. ಯಂತ್ರದ ಖರ್ಚು ಜಾಸ್ತಿಯಾಗುವುದಿಲ್ಲ, ಯುನಿಕೋಡ್ ಅಕ್ಷರಗಳಿಗೆ ಬೆಲೆಯಿಲ್ಲ. ಬರೆಯುವವನ ಸಮಯ ಜಾಸ್ತಿಯಾಗುತ್ತದೆ. ಆ ಸಮಯಕ್ಕೆ ಕೂಲಿ ಕೊಟ್ಟು ಬರೆಸಬೇಕು; ಯಂತ್ರದ ಅನುವಾದವನ್ನು ಹಾಗೆಯೇ ಅಂಟಿಸಿದರೆ ತಾಮ್ರದ ಚೊಂಬು ಇನ್ನೇನೋ ಆಗಿ ಕಾಣಿಸಿಕೊಂಡು ಗಿರಾಕಿಗಳು ನಗುತ್ತಾರೆ.

ಅಷ್ಟಕ್ಕೂ ನಮ್ಮ ಪಾತ್ರೆ ಅಂಗಡಿಯ ಮಿತ್ರರಿಗೆ ವೆಬ್‌ಸೈಟು ಬೇಕೇ? ಬೀದಿಯಲ್ಲಿ ನಡೆದು ಬರುವ ಗಿರಾಕಿಗೆ ಬೇಡ. ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಗುರುತಿಸುವುದಕ್ಕೆ ಹಣವಿಲ್ಲ, ವಾಟ್ಸ್‌ಆ್ಯಪಿನ ವ್ಯಾಪಾರಿ ಖಾತೆಯಲ್ಲಿ ಪಾತ್ರೆಗಳ ಪಟ್ಟಿ ಇಡುವುದಕ್ಕೂ ಹಣವಿಲ್ಲ. ಇವೆರಡನ್ನೂ ಯಾರೂ ನಿಮಗೆ ಮಾರಕೂಡದು. ಮಗನೇ ಒಂದು ಭಾನುವಾರ ಕುಳಿತು ಮಾಡಬಲ್ಲ. ಆದರೆ ಇವು ಪರರ ಜಗುಲಿ. ನಾಳೆ ಅವರು ನಿಯಮ ಬದಲಿಸಿದರೆ ಕೇಳುವವರಿಲ್ಲ. ಛತ್ರದವರು, ಹೋಟೆಲಿನವರು, ದೂರದೂರಿನವರು ಸಗಟು ಕೊಳ್ಳುವ ವ್ಯಾಪಾರ ಬೆಳೆಯಬೇಕೆಂದಿದ್ದರೆ ಸ್ವಂತ ಹೆಸರಿನದೊಂದು ಜಾಗ ಬೇಕಾಗುತ್ತದೆ. ಹೇಗಿದ್ದರೂ ಹೆಸರನ್ನು ಮಾತ್ರ ಈ ವಾರವೇ ಅವರು ತಮ್ಮ ಖಾತೆಯಲ್ಲಿ ಕೊಂಡಿಡಲಿ. ಉಳಿದದ್ದು ನಿಧಾನವಾಗಿ ಆಗಲಿ.

ಇನ್ನೂ ಒಂದು ದಾರಿಯಿದೆ. ಅದನ್ನು ಹೇಳದಿದ್ದರೆ ಇದು ಸಮಾಜವಾದಿ ಪತ್ರಿಕೆ ಎನಿಸಲಾರದು. ಒಂದೊಂದು ಅಂಗಡಿಯೂ ಒಂಟಿಯಾಗಿ ಏಕೆ ಚೌಕಾಶಿ ಮಾಡಬೇಕು? ಒಂದು ಮಾರುಕಟ್ಟೆಯ, ಒಂದು ರಸ್ತೆಯ ನಲವತ್ತು ಅಂಗಡಿಗಳು ಕೂಡಿ ತಿಂಗಳಿಗೆ 750 ರೂಪಾಯಿ ಹಾಕಿದರೆ 30,000 ಆಗುತ್ತದೆ. ಆ ಹಣದಲ್ಲಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸಂಬಳ, ರಜೆ, ಭವಿಷ್ಯ ನಿಧಿ ಕೊಟ್ಟು ಇಟ್ಟುಕೊಳ್ಳಲು ಆರಂಭಿಸಬಹುದು. ನಲವತ್ತು ಅಂಗಡಿಗಳ ಹೆಸರು, ಚಿತ್ರ, ಬೆಲೆ ಎಲ್ಲ ಅವರ ಕೈಯಲ್ಲಿ ಕ್ರಮವಾಗಿರುತ್ತದೆ. ಒಬ್ಬರ ಬೆಲೆ ತಿದ್ದಲು ಇನ್ನೊಬ್ಬರು ವಾರ ಕಾಯಬೇಕಾಗಿಲ್ಲ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ಪಾರಾಗಲು. 2022ರಲ್ಲಿ ಬೆಂಗಳೂರಿನ ಆಟೋ ಚಾಲಕರ ಯೂನಿಯನ್ ನಮ್ಮ ಯಾತ್ರಿ ಆ್ಯಪಿನ ಬೆನ್ನಿಗೆ ನಿಂತದ್ದು ದೊಡ್ಡ ಕಂಪನಿಗಳ ಕಮಿಷನ್ನಿನಿಂದ ಪಾರಾಗಲು. ಪ್ರತಿ ಬಾಡಿಗೆಯಲ್ಲಿ ಪಾಲು ಹಿಡಿಯುವುದರ ಬದಲು ಅದು 2023ರಲ್ಲಿ ದಿನಕ್ಕೆ 25 ರೂಪಾಯಿಯ ಚಂದಾ ಇಟ್ಟಿತು. ಅದರ ತಂತ್ರಜ್ಞಾನ ಕಟ್ಟಿದ್ದು ಖಾಸಗಿ ಕಂಪನಿಯೇ, ಅದನ್ನು ಸಹಕಾರ ಸಂಘವೆಂದು ನಾವು ಹೊಗಳುತ್ತಿಲ್ಲ. ಆದರೆ ಚಾಲಕರು ಒಟ್ಟಾಗಿ ನಿಂತಾಗ ದರದ ಲೆಕ್ಕವೇ ಬೇರೆಯಾಯಿತಲ್ಲವೇ? ಅಂಗಡಿಕಾರರ ಸಂಘಗಳು ಗಣೇಶೋತ್ಸವದ ಚಂದಾ ಎತ್ತುವಷ್ಟೇ ಹುರುಪಿನಿಂದ ಇದಕ್ಕೂ ಒಂದು ಸಭೆ ಕರೆಯಲಿ. ಜಯನಗರದ ಮಿತ್ರರು ತಮ್ಮ ಸಾಲಿನ ಅಂಗಡಿಗಳವರೊಡನೆ ಮಾತನಾಡಿ ನೋಡುವುದಾಗಿ ಫೋನಿನಲ್ಲಿ ಹೇಳಿದ್ದಾರೆ.

ನಮ್ಮ ಬಾಕಿಯ ಸಂಗತಿ. ಆ ಹುಡುಗನ ಹೊಸ ನಂಬರನ್ನು ಅವನ ತಂದೆಯವರಿಂದ ಪಡೆದೆವು. ಉಳಿಸಿಕೊಂಡಿದ್ದ 3,000, ಅವನು ಕೈಯಿಂದ ಕಟ್ಟಿದ್ದ ಎರಡು ವರ್ಷದ ಶುಲ್ಕ 1,800, ಒಟ್ಟು 4,800 ರೂಪಾಯಿಯನ್ನು ಸೋಮವಾರ ಕಳಿಸಿ, ತಡವಾದುದಕ್ಕೆ ಕ್ಷಮೆ ಕೇಳಿದೆವು. ಹೊಸ ವೆಬ್‌ಸೈಟಿಗೆ ಅವನ ದರ ಎಷ್ಟೆಂದೂ ಕೇಳಿದೆವು. ಅವನು ಬಾಬ್ತುವಾರು ಬಿಡಿಸಿ ಬರೆದು 28,000 ಎಂದು ಕಳಿಸಿದ್ದಾನೆ. ಕೆಳಗೆ, "ಹೆಸರನ್ನು ನೀವೇ ಕೊಂಡು ನನಗೆ ತಿಳಿಸಿ, ಆಮೇಲೆ ಕೆಲಸ ಶುರು ಮಾಡುತ್ತೇನೆ" ಎಂಬ ಒಂದು ಸಾಲು. ಹೆಸರನ್ನು ಪತ್ರಿಕೆಯ ಖಾತೆಯಲ್ಲಿ ಬುಧವಾರ ಕೊಂಡೆವು. ಮೊದಲ ಕಂತು ನಿನ್ನೆ ಹೋಗಿದೆ.